ಧನುರ್ಮಾಸದ ತಣ್ಣನೆಯ ಕಡಬು

ಸಾಲೆಯ ಮಕ್ಕಳಿಗಿರುವಂತೆ ನಮ್ಮ ಮನೆಯ ಫ್ರಿಜ್ಜಿಗೂ ಚಳಿಗಾಲದ ಸೂಟಿ ಉಂಟು. ದೀಪಾವಳಿಯ ಎಣ್ಣೆಸ್ನಾನ ಮುಗಿಯುತ್ತಲೇ ಅತ್ತೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದು, ಅದರ ಪ್ಲಗ್ಗು ಕಿತ್ತು, ವೈರು ಸುತ್ತಿ ಮೇಲಿಟ್ಟುಬಿಡುತ್ತಾಳೆ. ಅಲ್ಲಿಂದ ಶಿವರಾತ್ರಿಯವರೆಗೆ ಅದು ಬರೀ ಕಪಾಟು. ಮೇಲೆ ಬರ್ಫ ಮಾಡುವ ಖಾನೆಯಲ್ಲಿ ಹಪ್ಪಳ, ಸಂಡಿಗೆ. ನಡುವೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಎಳ್ಳಿನ ಚಿಗಳಿ. ಕೆಳಗೆ ಕಾಯಿಪಲ್ಲೆ ಇಡುವ ಡಬ್ಬದಲ್ಲಿ ಮನೆಮಂದಿಯ ಕುಲಾವಿ, ಮಫ್ಲರು. ತತ್ತಿ ತಿನ್ನದ ನಮ್ಮ ಮನೆಯಲ್ಲಿ ತತ್ತಿಗೆಂದು ಮಾಡಿದ ಗುಳಿಗಳಲ್ಲಿ ಅವಳ ನೀಲಗಿರಿ ಎಣ್ಣೆ, ಕರ್ಪೂರದ ಡಬ್ಬಿ, ಮೂಗಿಗೆ ಹಚ್ಚುವ ಮುಲಾಮು ಸಾಲಾಗಿ ಕೂಡುತ್ತವೆ. ಬಂದ ನೆಂಟರು ತಣ್ಣೀರಿಗೆಂದು ಬಾಗಿಲು ತೆರೆದರೆ ಗಮ್ಮೆಂದು ನೆಗಡಿಯ ವಾಸನೆ ಬರುತ್ತದೆ; ಮುಚ್ಚಿ ಸುಮ್ಮನೆ ಚಹಾ ಕೇಳುತ್ತಾರೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ತಂದೆಯ ರೈಲ್ವೆ ನೌಕರಿಯ ಹಿಂದೆ ಕಲಬುರಗಿಯಿಂದ ಮಲ್ಕಾಜ್‌ಗಿರಿಗೆ ಬಂದವಳು ಇಲ್ಲೇ ಉಳಿದಳು, ನನ್ನನ್ನು ಬೆಳೆಸಿದಳು. ನನಗೆ ಓಣಿಯಲ್ಲಿ ತೆಲುಗು, ಸಾಲೆಯಲ್ಲಿ ಹಿಂದಿ. ಕನ್ನಡ ಎಂದು ನನ್ನ ಬಾಯಲ್ಲಿ ಏನೇನಿದೆಯೋ ಅದೆಲ್ಲ ಅವಳು ಬೈದು ಕಲಿಸಿದ್ದು. ಆ ಬೈಗುಳದಲ್ಲಿ ಅರ್ಧ ಪಾಲು ಥಂಡಿಯದೇ. 'ಥಂಡ್ಯಾಗ ಫರಸಿ ಮ್ಯಾಲ ಬರಿಗಾಲ ಇಡಬ್ಯಾಡ', 'ಥಂಡ್ಯಾಗ ಮಜ್ಜಿಗಿ ಕುಡೀಬ್ಯಾಡ', 'ಥಂಡ್ಯಾಗ ಬಾಯಿ ತಕ್ಕೊಂಡು ನಿಂದರಬ್ಯಾಡ, ಗಾಳಿ ಹೊಕ್ಕತದ.' ಹೈದರಾಬಾದಿನ ಚಳಿ ಎಂದರೆ ಎಷ್ಟು? ಮುಂಜಾನೆ ಎರಡು ತಾಸು ಮೈ ನಡುಗಿಸಿ, ಮಧ್ಯಾಹ್ನ ಫ್ಯಾನು ಹಾಕಿಸುವಷ್ಟು. ಅತ್ತೆಯ ಲೆಕ್ಕದಲ್ಲಿ ಮಾತ್ರ ಅದು ಹಿಮಾಲಯದಿಂದ ನೆಟ್ಟಗೆ ನಮ್ಮ ಓಣಿಗೇ ಇಳಿದು ಬರುವ ಚಳಿ. ಕೋಠಿಯ ಫುಟ್‌ಪಾತಿನಲ್ಲಿ ಸ್ವೆಟರಿನವರು ಅಂಗಡಿ ಹಾಸಿದರೆಂದರೆ ಸಾಕು, ಮೊದಲ ಗಿರಾಕಿ ಇವಳೇ.

ಅವಳಿಗೆ ಥಂಡಿಯ ಭಯ ಇಷ್ಟೊಂದು ಇರುವುದಕ್ಕೆ ಕಾರಣವೂ ಇತ್ತು. ಅದು ಅವಳ ಕೊರಳು. ಧನುರ್ಮಾಸವಿಡೀ ನಮ್ಮ ಕಾಲೊನಿಯ ಹನುಮಂತನ ಗುಡಿಯಲ್ಲಿ ಹೊತ್ತು ಮೂಡುವ ಮೊದಲು ಹೆಂಗಸರ ಭಜನೆ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಮುಂಜಾನೆ, ಅದರ ಮಂಗಲ. ಆ ದಿನದ ಮಂಗಳಾರತಿ ಪದ ಹೇಳುವುದು ಅತ್ತೆಯ ಹಕ್ಕು. ಅವಳ ಅವ್ವನಿಂದ ಬಂದ ಪದ ಅದು. ಮೂರನೆಯ ನುಡಿಯಲ್ಲಿ ದನಿ ಗೋಪುರ ಹತ್ತಿ ಕಳಸ ಮುಟ್ಟಿ ಇಳಿಯಬೇಕು. ಇಷ್ಟು ವರ್ಷ ಅವಳಲ್ಲದೆ ಬೇರೆ ಯಾರೂ ಹತ್ತಿರಲಿಲ್ಲ. ಆದರೆ ಕಳೆದ ವರ್ಷ ಹಿಂದಿನ ಓಣಿಗೆ ರಾಯಚೂರಿನ ಹೆಂಗಸೊಬ್ಬರು ಬಂದಿದ್ದರು; ಓಣಿಯವರೆಲ್ಲ ಅವರನ್ನು ಕಾಕು ಅನ್ನುತ್ತಿದ್ದರು. ಒಳ್ಳೆಯ ದನಿ, ವಯಸ್ಸಿನಲ್ಲಿ ಅತ್ತೆಗಿಂತ ಚಿಕ್ಕವರು, ಸ್ವಂತದ ಹಾರ್ಮೋನಿಯಂ. ಬಂದ ವಾರದಲ್ಲೇ ಆ ಪದ ಕೇಳಿ ಕಲಿತು, ಎಲ್ಲರೆದುರು ನಗುತ್ತ ಅಂದಿದ್ದರು: "ಅಕ್ಕಾರ, ಯಾವಾಗರ ನಿಮಗ ಆರಾಮಿಲ್ಲಂದ್ರ ಹೇಳ್ರಿ, ನಾ ಅದೀನಿ."

ಅತ್ತೆ ಮನೆಗೆ ಬಂದು ಚಪ್ಪಲಿಯನ್ನು ಬಿಡಲಿಲ್ಲ, ಎಸೆದಳು. "ನನಗ ಆರಾಮಿಲ್ಲದಂಗ ಆಗ್ಲಿ ಅಂತ ಹನುಮಂತಗ ಹರಕಿ ಹೊತ್ತಾಳ, ಗೊತ್ತದ ನನಗ!"

ಹೀಗಿರುವಾಗ ಒಂದು ಶನಿವಾರ ರಾತ್ರಿ ನನ್ನ ಮಗಳು ಕೊಂಡಾಪುರದಿಂದ ಬಂದಳು. ಅಲ್ಲಿ ಅವಳ ಆಫೀಸು. ವಾರವೆಲ್ಲ ಹಾಸ್ಟೆಲಿನಲ್ಲಿದ್ದು ಶನಿವಾರ ಮನೆಗೆ ಬರುತ್ತಾಳೆ. ಕೈಯಲ್ಲಿ ಥರ್ಮಾಕೋಲಿನ ಡಬ್ಬಿ, ಅದರೊಳಗೆ ಜಪಾನಿನ ಐಸ್‌ಕ್ರೀಮು. ಅಂಟಕ್ಕಿಯ ಹಿಟ್ಟನ್ನು ನಾದಿ ತೆಳ್ಳಗೆ ತಟ್ಟಿ, ಐಸ್‌ಕ್ರೀಮಿನ ಉಂಡೆಗೆ ಹೊದಿಸಿ, ಮೇಲೆ ಒಣಹಿಟ್ಟು ಉದುರಿಸಿ ಇಟ್ಟಿರುತ್ತಾರೆ. ಮೋಚಿ ಅನ್ನುತ್ತಾರಂತೆ.

"ಈ ಥಂಡ್ಯಾಗ ಯಾಕ ತಂದಿ? ಅಜ್ಜಿ ನೋಡಿದ್ರ ನಮ್ಮನ್ನ ಮನಿ ಬಿಡಸ್ತಾಳ," ಎಂದು ನನ್ನ ಹೆಂಡತಿ ದನಿ ಇಳಿಸಿ ಗದರಿದಳು.

"ಅಮ್ಮಾ, ಥಂಡ್ಯಾಗೇ ತರಬೇಕು. ಬ್ಯಾಸಗ್ಯಾಗ ತಂದ್ರ ಮೆಟ್ರೊ ಇಳಿಯೂದ್ರಾಗ ಹಾಲಾಗತದ. ಕೊಂಡಾಪುರದಿಂದ ಮಲ್ಕಾಜ್‌ಗಿರಿಗೆ ಐಸ್‌ಕ್ರೀಮ್ ಜೀವಂತ ಬರೋದು ಈ ಎರಡ ತಿಂಗಳಾಗ ಅಷ್ಟ."

ಈ ವಾದವನ್ನು ನಾನು ಕೂಡಲೇ ಒಪ್ಪಿಬಿಟ್ಟೆ, ನನಗೂ ಬೇಕಾಗಿತ್ತು. ಆದರೆ ಆಗಲೇ ಊಟವಾಗಿತ್ತು, ಅತ್ತೆ ನಡುಮನೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ನಾಳೆ ಅವಳು ಮಧ್ಯಾಹ್ನ ಮಲಗಿದಾಗ ತಿನ್ನೋಣ ಎಂದು ಮೂವರೂ ಒಪ್ಪಿದೆವು. ಮಗಳು ಸದ್ದಾಗದಂತೆ ಹಪ್ಪಳ ಸಂಡಿಗೆಯನ್ನು ಹೊರಗೆ ತೆಗೆದು, ಡಬ್ಬಿಯನ್ನು ಮೇಲಿನ ಖಾನೆಗೆ ಸೇರಿಸಿ, ಫ್ರಿಜ್ಜಿನ ಪ್ಲಗ್ಗು ಹಾಕಿದಳು. ಸೂಟಿಯ ನಡುವೆ ಡ್ಯೂಟಿಗೆ ಕರೆಸಿಕೊಂಡ ನೌಕರನ ಹಾಗೆ ಅದು ಒಮ್ಮೆ ಮೈ ಕೊಡವಿ ಗುಂಯ್ ಎಂದಿತು.

ಭಾನುವಾರ ಬೆಳಗ್ಗೆ ನಾನು ಎದ್ದದ್ದು ಅತ್ತೆಯ ಕೂಗಿಗೆ.

"ಏ ತಮ್ಮಾ, ಎದ್ದು ಬಾ ಇಲ್ಲಿ! ನಿನ್ನ ಹೆಂಡತಿ ಹೂರಣ ಕಟ್ಟೋದು ಎಂದ ಕಲೀಬೇಕು!"

ಅಡುಗೆಮನೆಯಲ್ಲಿ ಅತ್ತೆ ಇಡ್ಲಿ ಪಾತ್ರೆಯ ಮುಚ್ಚಳ ಹಿಡಿದು ನಿಂತಿದ್ದಳು. ಆದದ್ದು ಇಷ್ಟು. ಭಜನೆ ಮುಗಿಸಿ ಬಂದವಳಿಗೆ ಗುಂಯ್ ಸದ್ದು ಕೇಳಿದೆ, ತೆರೆದು ನೋಡಿದ್ದಾಳೆ. ಒಳಗೆ ಹಿಟ್ಟು ಮೆತ್ತಿದ, ದುಂಡಗಿನ, ಬೆಳ್ಳನೆಯ ಉಂಡೆಗಳು. ಯಾರೇ ಆದರೂ ನಮ್ಮ ಕಡೆಯವರು ಅದನ್ನು ನೋಡಿ ಏನನ್ನಬೇಕು? ಕಡಬು. ಸೊಸೆ ಕೊನೆಗೂ ಅಕ್ಕಿ ಹಿಟ್ಟಿನ ಕಡಬು ಕಲಿತು, ಮುಂಜಾನೆಯ ನೈವೇದ್ಯಕ್ಕೆಂದು ಹಸಿಯದನ್ನು ಕಟ್ಟಿ ಇಟ್ಟಿದ್ದಾಳೆ, ಹಿಟ್ಟು ಹುಳಿಯದಿರಲೆಂದು ಫ್ರಿಜ್ಜು ಹಚ್ಚಿದ್ದಾಳೆ, ಹೋಗಲಿ ಕ್ಷಮಿಸೋಣ ಎಂದುಕೊಂಡು, ಸಂತೋಷದಿಂದ, ಪಾತ್ರೆಯಲ್ಲಿ ಹಿಡಿಸಿದಷ್ಟನ್ನು ಜೋಡಿಸಿ ಉಗಿಗೆ ಇಟ್ಟಿದ್ದಾಳೆ.

ಬಗ್ಗಿ ನೋಡಿದೆ. ಗುಲಾಬಿ ಬಣ್ಣದ ಹಾಲಿನಲ್ಲಿ ಪುಟ್ಟ ಮಕ್ಕಳ ಒದ್ದೆ ಕಾಲುಚೀಲಗಳಂತೆ ಏನೋ ತೇಲುತ್ತಿದ್ದವು.

"ಹೂರಣದಾಗ ಬ್ಯಾಳಿ ಇಲ್ಲ, ಬೆಲ್ಲ ಇಲ್ಲ. ಬರೇ ಹಾಲ ಸುರುವ್ಯಾಳ! ಹಾಲ ತುಂಬಿ ಯಾರರ ಕಡಬ ಕಟ್ಟತಾರೇನ?" ಎಂದಳು ಅತ್ತೆ.

ಮಗಳು ಬಂದು ಪಾತ್ರೆ ನೋಡಿ ಅಲ್ಲೇ ಕೆಳಗೆ ಕೂತಳು. "ಅಜ್ಜೀ, ಅದು ಐಸ್‌ಕ್ರೀಮು!"

"ಸುಳ್ಳ ಹೇಳಬ್ಯಾಡ. ಐಸ್‌ಕ್ರೀಮಿಗೆ ಯಾರ ಹಿಟ್ಟ ಹಚ್ಚತಾರ?"

"ಜಪಾನ್ದವರು ಹಚ್ಚತಾರ!"

"ಅವರಿಗರೆ ಹೇಳೋರು ಕೇಳೋರು ಇಲ್ಲೇನು?"

ಆಮೇಲೆ ನಡೆದದ್ದೆಲ್ಲ ಜಗಳ. ಮಗಳಿಗೆ ಐಸ್‌ಕ್ರೀಮು ಹಾಳಾದ ದುಃಖ, ಅತ್ತೆಗೆ ಧನುರ್ಮಾಸದಲ್ಲಿ ಮನೆಯೊಳಗೆ ಬರ್ಫ ಹೊಕ್ಕ ಸಿಟ್ಟು. ಕಡೆಗೆ ಅತ್ತೆ ಡಬ್ಬಿಯಲ್ಲಿ ಉಳಿದಿದ್ದನ್ನು ಕಸಕ್ಕೆ ಹಾಕಲೆಂದು ಎತ್ತಿದವಳು ಹಾಗೇ ನಿಂತಳು. ಒಂದು ಉಂಡೆಯನ್ನು ಬೆರಳಿನಿಂದ ಒತ್ತಿದಳು. ಅದು ತಗ್ಗಿ ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿದಳು. ಅಕ್ಕಿ ಹಿಟ್ಟಿನ ಕಡಬಿನ ಹೊದಿಕೆ ಬಿರುಕು ಬಿಡದಂತೆ ಮಾಡುವುದು ಎಷ್ಟು ಕಷ್ಟ ಎಂದು ಬಲ್ಲವಳು ಅವಳು. ಈ ಹೊದಿಕೆ ಎಲ್ಲೂ ಬಿರಿದಿಲ್ಲ, ಅಂಚು ಎಲ್ಲಿ ಮುಗಿದಿದೆ ಎಂದೇ ಕಾಣುವುದಿಲ್ಲ.

"ಹಿಟ್ಟು ಹೆಂಗ ಹದ ಮಾಡ್ಯಾರ ನೋಡಬೇಕಲ್ಲ," ಎಂದು, ನಮಗೆ ಬೆನ್ನು ತಿರುಗಿಸಿ, ಅಂಚು ಕಚ್ಚಿದಳು.



"ಹಿಟ್ಟು ಛಲೋ ಅದ," ಎಂದಳು ಜಗಿಯುತ್ತ. ಮತ್ತೆ ಕಚ್ಚಿದಳು. "ಹೂರಣನೂ ಅಡ್ಡಿಯಿಲ್ಲ." ಮೂರನೆಯ ಸಲ ಕಚ್ಚಿದಾಗ ಕಣ್ಣು ಮುಚ್ಚಿದ್ದಳು. ಬೆರಳಿಗೆ ಹತ್ತಿದ ಹಿಟ್ಟನ್ನೂ ನೆಕ್ಕಿ ಆದಮೇಲೆ ನಮ್ಮ ಕಡೆ ತಿರುಗಿ ತೀರ್ಪು ಕೊಟ್ಟಳು: "ಇದು ಐಸ್‌ಕ್ರೀಮ್ ಅಲ್ಲ. ಮ್ಯಾಲ ಅಕ್ಕಿ ಹಿಟ್ಟು ಅದ, ಒಳಗ ಹೂರಣ ಅದ, ಕಡಬು ಇದು. ಪಾಪ ಅವರ ಊರಾಗ ಉಗಿ ಕೊಡೋದು ಗೊತ್ತಿಲ್ಲ, ಥಣ್ಣಗ ಇಟ್ಟಾರ. ಕಡಬಿಗೆ ಥಂಡಿ ದೋಷ ಎಲ್ಲೀದು?"

ಫ್ರಿಜ್ಜಿನ ಸೂಟಿ ಅಂದಿಗೆ ರದ್ದಾಯಿತು. ಪ್ರತಿ ಶನಿವಾರ ಒಂದು ಡಬ್ಬಿ ತರಬೇಕೆಂದು ಮಗಳಿಗೆ ಹುಕುಂ ಆಯಿತು. ದಿನಾ ಮಧ್ಯಾಹ್ನ ಅತ್ತೆ ಸ್ವೆಟರು, ಮೇಲೊಂದು ಶಾಲು, ತಲೆಗೆ ಕುಲಾವಿ, ಕಾಲಿಗೆ ಚೀಲ ಹಾಕಿಕೊಂಡು ಮಾಳಿಗೆಯ ಬಿಸಿಲಿಗೆ ಕುರ್ಚಿ ಒಯ್ಯುವಳು. ಒಂದು ಕೈಯಲ್ಲಿ ಬಟ್ಟಲಲ್ಲಿ ಕಡಬು, ಇನ್ನೊಂದು ಕೈಯಲ್ಲಿ ಬಿಸಿನೀರಿನ ತಂಬಿಗೆ. ಒಂದು ತುಣುಕು ಇದು, ಒಂದು ಗುಟುಕು ಅದು. ಉಳಿದವರಿಗೆ ಕಾಯಿದೆ ಮೊದಲಿನಂತೆಯೇ. ನಾನು ಒಮ್ಮೆ, ಹೇಗೂ ಫ್ರಿಜ್ಜು ಓಡುತ್ತಿದೆಯಲ್ಲ ಎಂದು ಒಂದು ಲೋಟ ಮಜ್ಜಿಗೆ ಅದರಲ್ಲಿಟ್ಟೆ. "ಥಂಡ್ಯಾಗ ಮಜ್ಜಿಗಿ? ಬುದ್ಧಿ ಎಲ್ಲಿ ಇಟ್ಟೀದಿ?" ಎಂದು ಬಾಯಿತುಂಬ ಕಡಬು ಇಟ್ಟುಕೊಂಡೇ ಬೈದಳು.

ಮಾಳಿಗೆಯ ಮೇಲೆ ಅವಳಿಗೆ ಇನ್ನೊಂದು ಕೆಲಸವೂ ಹುಟ್ಟಿಕೊಂಡಿತು. ಸಂಕ್ರಾಂತಿ ಹತ್ತಿರ ಬಂದಂತೆ ಸುತ್ತಲಿನ ಮಾಳಿಗೆಗಳ ತುಂಬ ಪತಂಗದ, ಅಂದರೆ ಗಾಳಿಪಟದ, ಹುಡುಗರು. ಆಕಾಶ ನೋಡುತ್ತ ಕಟ್ಟೆಯ ಮೇಲೆ ನಡೆಯುತ್ತಾರೆ. ಎಲ್ಲಿ ಕೆಳಗೆ ಬಿದ್ದಾರೋ ಎಂದು ಅತ್ತೆಗೆ ಭಯ. ಯಾವ ಮನೆಯ ಹುಡುಗ ಯಾವ ಭಾಷೆಯವನೋ ತಿಳಿಯದಾದ್ದರಿಂದ ಎಲ್ಲದರಲ್ಲೂ ಕೂಗುವಳು: "ಏ, ಗ್ವಾಡಿ ಮ್ಯಾಲಿಂದ ಇಳೀರೋ! ನೀಚೇ ಉತರೋ! ದಿಗಂಡ್ರಾ!" ಕಡಬು ಮುಗಿಯುವವರೆಗೆ, ಮುಗಿದ ಮೇಲೂ.

ಭೋಗಿಗೆ ವಾರವಿದ್ದಾಗ ಅತ್ತೆಯ ಕೊರಳು ಹೋಯಿತು.

ಮುಂಜಾನೆ ಗುಡಿಯಿಂದ ಬಂದು ಮಾತಾಡಲು ಬಾಯಿ ತೆರೆದರೆ ಹಳೆಯ ಸೈಕಲ್ ಪಂಪಿನಂತೆ ಬರೀ ಗಾಳಿ. ಕಾರಣ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು ಅನ್ನಿಸಿತು, ಆದರೆ ಹೇಳುವವರು ಯಾರು? ಹೇಳಿದರೆ ಇಷ್ಟು ವರ್ಷದ ಅವಳ ಕಾಯಿದೆ ಏನಾಗಬೇಕು? ಗುಡಿಯ ಹೆಂಗಸರಿಗೆಲ್ಲ 'ಥಂಡೀದು ಮುಟ್ಟಬ್ಯಾಡ್ರಿ' ಎಂದು ಪಾಠ ಹೇಳಿದವಳು ಇವಳೇ. ಅವಳ ಮುಖ ನೋಡಿದೆ. ಗದರುವ ಕಣ್ಣಲ್ಲಿ ನೀರು ನಿಂತಿತ್ತು. ಉಸಿರಿನಲ್ಲೇ ಹೇಳಿದಳು, "ತಮ್ಮಾ, ಪದ ಹೋತಲ್ಲೋ. ಅಕೀ ಕೈಗೆ ಹೋತದು."

ಆಗ ನನಗೆ ನಗು ನಿಂತಿತು. ಆ ಪದ ಅವಳಿಗೆ ಅವಳ ಅವ್ವ ಬಿಟ್ಟುಹೋದ ಒಂದೇ ಒಂದು ವಸ್ತು.

ಸ್ಟೇಷನ್ನಿನ ಹತ್ತಿರ ಕಿವಿ ಮೂಗು ಗಂಟಲಿನ ಡಾಕ್ಟರರ ಬಳಿ ಕರೆದೊಯ್ದೆ. ವಯಸ್ಸಾದವರು, ತೆಲುಗಿನವರು. ಬಾಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಐಸ್‌ಕ್ರೀಮು ಗೀಸ್‌ಕ್ರೀಮು ತಿನ್ನುತ್ತಾರಾ ಎಂದು ನನ್ನನ್ನು ಕೇಳಿದರು. ಮೇಜಿನ ಕೆಳಗೆ ಅತ್ತೆ ನನ್ನ ಕಾಲು ತುಳಿದಳು.

"ಇಲ್ಲ ಡಾಕ್ಟರ್‌ಗಾರೂ, ಕುಡುಮುಲು ತಿಂಟಾರು," ಎಂದೆ. ಕಡಬಿಗೆ ತೆಲುಗಿನಲ್ಲಿ ಅದೇ ಹೆಸರು.

"ಕುಡುಮುಲಾ? ತಿನಂಡಿ, ತಿನಂಡಿ. ಮಂಚಿದೇ," ಎಂದು ಅವರು ಧಾರಾಳವಾಗಿ ಒಪ್ಪಿಗೆ ಕೊಟ್ಟರು. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಇಡೀ ವೈದ್ಯಶಾಸ್ತ್ರ ಅವಳ ಪಕ್ಷಕ್ಕೆ ಬಂದಿತ್ತು. ಆಮೇಲೆ ಡಾಕ್ಟರರು, "ಅಮ್ಮಾ, ಗಟ್ಟಿಗಾ ಅರುಸ್ತಾರಾ?" ಎಂದರು. ಜೋರಾಗಿ ಕೂಗುವ ರೂಢಿ ಇದೆಯಾ ಎಂದು. ನಾನು ಪತಂಗದ ಹುಡುಗರ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಗಂಟಲಿನ ದನಿಯ ತಂತು ಬಾತಿದೆ, ಕೂಗಿ ಕೂಗಿ ಆದದ್ದು, ತಿಂದು ಆದದ್ದಲ್ಲ. ದಿನಾ ಉಗಿ ತಗೊಳ್ಳಿ. ಭೋಗಿಯವರೆಗೆ ಮಾತು ಪೂರ್ತಿ ಬಂದ್. ಪಿಸುಮಾತೂ ಕೂಡದು. ಹಾಗಿದ್ದರೆ ದನಿ ಬಂದರೂ ಬರಬಹುದು.

ಔಷಧಿ ಕಹಿಯಿದ್ದರೆ ಅತ್ತೆ ಕುಡಿಯುತ್ತಿದ್ದಳು, ಸೂಜಿ ಕೊಟ್ಟರೆ ಕೊಡಿಸಿಕೊಳ್ಳುತ್ತಿದ್ದಳು. ಇದು ಬೇರೆಯೇ ಶಿಕ್ಷೆ.

ಆ ದಿನಗಳಲ್ಲಿ ನಮ್ಮ ಮನೆ ಎಷ್ಟು ಮೌನವಾಯಿತೆಂದರೆ ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಹಾಸಿಗೆಯಲ್ಲೇ ಕೇಳುತ್ತಿತ್ತು. ಅತ್ತೆ ಭಜನೆಯ ತಾಳವನ್ನು ಕೈಯಲ್ಲೇ ಇಟ್ಟುಕೊಂಡಳು. ಮೆಲ್ಲಗೆ ಟಿಣ್ ಎಂದರೆ ಚಹಾ. ಟಿಣ್ ಟಿಣ್ ಎಂದರೆ ಹಾಲು ಉಕ್ಕುತ್ತಿದೆ. ಝಣಝಣ ಎಂದರೆ ಯಾರೋ ಬರಿಗಾಲಲ್ಲಿ ಫರಸಿಯ ಮೇಲೆ ನಿಂತಿದ್ದಾರೆ. ನನ್ನ ಹೆಂಡತಿ ಒಂದು ಮಧ್ಯಾಹ್ನ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಅತ್ತೆಯ ಮುಖ ಕೆಂಪಾಗಿ, ತುಟಿ ನಡುಗಿ, ಇನ್ನೇನು ಮಾತು ಬಂತು ಅನ್ನುವಾಗ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾವು ಎದ್ದು ನಿಂತು ಚಪ್ಪಾಳೆ ಹೊಡೆಯುವುದೊಂದು ಬಾಕಿ.

ಭೋಗಿಯ ಹಿಂದಿನ ಸಂಜೆ ರಾಯಚೂರಿನ ಕಾಕು ಬಂದರು, ಶುಂಠಿ ಮೆಣಸಿನ ಕಷಾಯ ತುಂಬಿದ ಥರ್ಮಾಸ್ ಹಿಡಿದು. ಅತ್ತೆ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುದಿನೀರಿನ ಪಾತ್ರೆ ಇಟ್ಟುಕೊಂಡು, ತಲೆಯ ಮೇಲಿಂದ ಕಂಬಳಿ ಹೊದ್ದು ಉಗಿ ತೆಗೆದುಕೊಳ್ಳುತ್ತಿದ್ದಳು. ಹೆಂಡತಿ ಮರುದಿನದ ಭೋಗಿ ಪಲ್ಲೆಗೆ ಅವರೆಕಾಯಿ ಬಿಡಿಸುತ್ತಿದ್ದಳು. ಒಲೆಯ ಮೇಲೆ ಇಡ್ಲಿ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು.

"ಹೆಂಗ ಅದಾರ್ರಿ ಅಕ್ಕಾರು?" ಎಂದರು ಕಾಕು. ಕಂಬಳಿಯೊಳಗಿನಿಂದ ತಾಳ ಒಮ್ಮೆ ಟಿಣ್ ಎಂದಿತು.

"ಪಾಪ," ಎಂದು ಕಾಕು ನನ್ನ ಕಡೆ ತಿರುಗಿದರು. "ಏನೂ ಚಿಂತಿ ಮಾಡಬ್ಯಾಡ್ರಿ. ನಾ ಪದ ಬಾಯಿಪಾಠ ಮಾಡಿ ಇಟ್ಟೀನಿ. ಮೂರನೇ ನುಡೀನೂ ಕೂತೈತಿ."

ಝಣ್, ಎಂದಿತು ಕಂಬಳಿ.

ಅಷ್ಟರಲ್ಲೇ ಮೂಲೆಯಲ್ಲಿ ಫ್ರಿಜ್ಜು ಗುಂಯ್ ಎಂದು ಶುರುವಾಯಿತು. ಕಾಕು ಕಿವಿ ನಿಮಿರಿಸಿದರು. "ಇದೇನ್ರಿ? ನಿಮ್ಮನಿ ಫ್ರಿಜ್ಜು ಶಿವರಾತ್ರಿ ತನಕ ಮಲಗಿರತೈತಿ ಅಂತ ಅಕ್ಕಾರು ಗುಡ್ಯಾಗ ಹೇಳತಿದ್ರು?"

"ಕೆಟ್ಟಿತ್ರಿ, ರಿಪೇರಿ ಮಾಡಿಸೀವಿ, ನಡೀತದೋ ಇಲ್ಲೋ ನೋಡ್ಲಿಕ್ಕತ್ತೀವಿ," ಎಂದೆ. ನನ್ನ ಕಿವಿಗೇ ಅದು ಸುಳ್ಳೆಂದು ಕೇಳಿಸಿತು.

ಕಾಕು ಆಗಲೇ ಎದ್ದು ಮೇಲಿನ ಖಾನೆ ತೆಗೆದಿದ್ದರು. "ಅಯ್ಯ, ಕಡಬು! ಎಷ್ಟ ಚಂದ ಕಟ್ಟೀರಿ! ಹಸೀವ ಇಟ್ಟೀರಲ್ರಿ, ನಾಳಿ ನೈವೇದ್ಯಕ್ಕೇನು? ಅಕ್ಕಾರಿಗೆ ಆರಾಮಿಲ್ಲ, ನೀವರ ಹೆಂಗ ಮಾಡತೀರಿ. ನೀರು ಕಾದೈತಿ, ನಾನ ಉಗಿ ಕೊಟ್ಟ ಹೋಗತೀನಿ ತಗೋರಿ." ಹೀಗೆಂದು ಡಬ್ಬಿ ಹಿಡಿದು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಮೊದಲನೆಯದನ್ನು ಎತ್ತಿದರು.

ಕಂಬಳಿ ಹಾರಿ ಅವರೆಕಾಯಿಯ ಮೇಲೆ ಬಿತ್ತು. ಕೆಂಪು ಮುಖ, ಬೆವರು, ಕೆದರಿದ ಬಿಳಿ ಕೂದಲು. ಅತ್ತೆ ಎದ್ದು ನಿಂತಿದ್ದಳು.

"ಏ! ಉಗಿಗೆ ಇಡಬ್ಯಾಡ್ರಿ! ಥಣ್ಣಗ ತಿನ್ನೋದದು!"

ಆ ಕೂಗು ಮೂರನೆಯ ನುಡಿಯ ಕಳಸ ಮುಟ್ಟಿ, ಅದರ ಮೇಲೂ ಸ್ವಲ್ಪ ಹೋಗಿ, ಇಳಿಯಿತು. ಎಲ್ಲೂ ಒಡೆದಿರಲಿಲ್ಲ. ಗುಡಿಯ ಗಂಟೆಯಂತೆ ನಿಚ್ಚಳ. ಪಕ್ಕದ ಮನೆಯ ನಾಯಿ ಬೊಗಳಿತು.

ಕಾಕುವಿನ ಕೈಯಲ್ಲಿ ಕಡಬು ಹಾಗೇ ನಿಂತಿತ್ತು. ಅತ್ತೆಗೆ ತಾನು ಏನು ಮಾಡಿದೆನೆಂದು ಆಗ ಹೊಳೆಯಿತು. ಕೊರಳಿನ ಮೇಲೆ ಕೈ ಇಟ್ಟುಕೊಂಡಳು. ಬಲು ಮೆಲ್ಲಗೆ, ಹೆದರಿ ಹೆದರಿ, "ಆ..." ಎಂದಳು. ದನಿ ಇತ್ತು. ಇನ್ನೊಮ್ಮೆ "ಆಆ..." ಎಂದಳು. ಅಲ್ಲೇ ಇತ್ತು.

"ಕೊರಳು ಬಂತಲ್ರೀ ಅಕ್ಕಾರ," ಎಂದರು ಕಾಕು. ಸಂತೋಷವಾಗಿಯೇ ಅಂದರು, ಎಷ್ಟು ಸಂತೋಷ ಎಂದು ಅಳೆಯಲು ನಾನು ಹೋಗಲಿಲ್ಲ. ಆಮೇಲೆ ಕಾಕು ತಮ್ಮ ಕೈ ನೋಡಿಕೊಂಡರು. ಬೆರಳು ಮರಗಟ್ಟುತ್ತಿದ್ದವು. "ಇದು ಭಾಳ ಥಣ್ಣಗೈತಲ್ರಿ. ಐಸ್‌ಕ್ರೀಮ್ ಇದ್ದಂಗೈತಿ."

ಗುಡಿಯ ಹೆಂಗಸರೆಲ್ಲರ ಬಾಯಿಗೆ ಬೀಳುವ ಸುದ್ದಿ ಈಗ ಕಾಕುವಿನ ಬೆರಳುಗಳ ನಡುವೆ ಕರಗುತ್ತಿತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟಲು ತಂದು, ಅವರ ಕೈಯ ಕೆಳಗೆ ಹಿಡಿದಳು.

"ಐಸ್‌ಕ್ರೀಮ್ ಅಲ್ರಿ ಬಾಯಾರ. ಕಡಬು. ಡಾಕ್ಟರೇ ತಿನ್ರಿ ಅಂದಾರ, ಬೇಕಾದ್ರ ಇವನ್ನ ಕೇಳ್ರಿ."

ನಾನು ಹೌದೆಂದೆ. ಅದು ಸುಳ್ಳಲ್ಲ.

ಕಾಕು ಅಂಚು ಕಚ್ಚಿದರು. ಹಿಟ್ಟು ಜಗಿದರು. ಹೂರಣ ತಲುಪಿದಾಗ ಹುಬ್ಬು ಮೇಲೆ ಹೋಗಿ ಅಲ್ಲೇ ಉಳಿಯಿತು. ಇಡೀ ಉಂಡೆ ಮುಗಿದ ಮೇಲೆ ಬಟ್ಟಲನ್ನು ಮುಂದೆ ಚಾಚಿ, "ಇನ್ನೊಂದು ಕೊಡ್ರಿ," ಎಂದರು. "ಮೊದಲನೇದು ತಿಳೀಲಿಲ್ಲ."

ಭೋಗಿಯ ಮುಂಜಾನೆ ಓಣಿಯಲ್ಲಿ ಹಳೆಯ ಚಾಪೆ, ಮುರುಕು ಕುರ್ಚಿ ಒಟ್ಟಿ ಬೆಂಕಿ ಹಾಕಿದ್ದರು. ನಾನು ಅದರ ಬಿಸಿಗೆ ನಿಂತು ಗುಡಿಯ ಕಡೆ ಕಿವಿಗೊಟ್ಟಿದ್ದೆ. ಅತ್ತೆ ಪದ ಎತ್ತಿದಳು. ಮೊದಲನೆಯ ನುಡಿ ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಬೇರೆ ದನಿ ಕೇಳಿ ಗಾಬರಿಯಾಗಿ ಬಾಗಿಲಿಗೆ ಓಡಿದೆ. ಕಾಕು ಹೇಳುತ್ತಿದ್ದರು, ಅತ್ತೆ ತಾಳ ಹಾಕುತ್ತ ಅವರಿಗೆ ಕಣ್ಣಲ್ಲೇ 'ನಡೀಲಿ' ಅನ್ನುತ್ತಿದ್ದಳು. ಮೂರನೆಯದನ್ನು ಮತ್ತೆ ಅವಳೇ ಎತ್ತಿದಳು. ಕಳಸ ಮುಟ್ಟಿ ಇಳಿದಾಗ ಆರತಿಯ ತಟ್ಟೆ ಹಿಡಿದವರೂ ಆರತಿ ಮರೆತಿದ್ದರು.

ಮನೆಗೆ ಬರುವಾಗ ಕೇಳಿದೆ, "ಅತ್ಯಾ, ಎರಡನೇ ನುಡಿ ಅವರಿಗ್ಯಾಕ ಕೊಟ್ಟಿ? ಕೊರಳು ನೋಯ್ತಿತ್ತೇನು?"

"ಕೊರಳಿಗೇನು ಧಾಡಿ?" ಎಂದಳು. "ಅಕೀ ಬಾಯಿ ಖಾಲಿ ಬಿಡಬಾರದು. ಒಂದ ನುಡಿ, ಒಂದ ಕಡಬು. ತುಂಬಿದ ಬಾಯಿಂದ ಸುದ್ದಿ ಹೊರಗ ಬರಂಗಿಲ್ಲ." ನಾಲ್ಕು ಹೆಜ್ಜೆ ನಡೆದು ಮತ್ತೆ ಅಂದಳು, ಈ ಸಲ ಸ್ವಲ್ಪ ಬೇರೆ ದನಿಯಲ್ಲಿ: "ಅಲ್ಲದ, ಛಲೋ ಹೇಳತಾಳೋ. ನಮ್ಮವ್ವ ಎಳೀತಿದ್ದಂಗ ಎಳೀತಾಳ."

ಸಂಕ್ರಾಂತಿಯ ಸಂಜೆ ಕಾಕು ಕುಸುರೆಳ್ಳು ಬೀರಲು ಬಂದರು. ಸೆರಗಿನ ಮರೆಯಲ್ಲಿ ಒಂದು ಖಾಲಿ ಸ್ಟೀಲ್ ಡಬ್ಬಿಯೂ ಇತ್ತು. ಅತ್ತೆ ಕೇಳದೆಯೇ ಅದನ್ನು ತೆಗೆದುಕೊಂಡು ಹೋಗಿ ತುಂಬಿ ತಂದು, "ಲಗೂನ ಹೋಗ್ರಿ, ದಾರ್ಯಾಗ ಯಾರ ಜೋಡಿನೂ ಮಾತಾಡಕೋತ ನಿಂದರಬ್ಯಾಡ್ರಿ," ಎಂದು ಕಳಿಸಿದಳು.

ಬಾಗಿಲು ಹಾಕಿ ಬಂದವಳ ಮನಸ್ಸು ಹಗುರಾಗಿದ್ದಂತೆ ಕಂಡಿತು. ಇದೇ ಸಮಯ ಎಂದು, "ಅತ್ಯಾ, ನನಗೂ ಒಂದ ಬಟ್ಟಲ ಐಸ್‌ಕ್ರೀಮ್ ತರಲೇನು? ಬರೇ ಸಾದಾದ್ದು," ಎಂದೆ.

ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಹಿಂದೆ ಫ್ರಿಜ್ಜು ಗುಂಯ್ ಅನ್ನುತ್ತಿತ್ತು.

"ಈ ಥಂಡ್ಯಾಗ?" ಎಂದಳು. "ಶಿವರಾತ್ರಿ ಆಗಲಿ ತಡಿ. ಮತ್ತ ಕಾಲಾಗ ಚಪ್ಪಲಿ ಹಾಕ್ಕೊ."